ಪೀಟ್ ಅಂಗೈಗೆ ಬಂದ ಬೇಸಿಗೆ

ಒಣಹುಲ್ಲಿನ ವಾಸನೆ ಬಂದಾಗಲೆಲ್ಲ ನನಗೆ ವೂರ್‌ಬರ್ಗ್ ಎಂಬ ಡಚ್ ಊರಿನ ನಮ್ಮ ಬಾಡಿಗೆ ಮನೆಯ ಹಿತ್ತಿಲು ನೆನಪಾಗುತ್ತದೆ. ಮೊನ್ನೆ ಅಂಗಡಿಯೊಂದರಲ್ಲಿ ಮೊಲಗಳಿಗೆ ಹಾಕುವ ಹುಲ್ಲಿನ ಚೀಲಗಳ ಪಕ್ಕ ಹಾದುಹೋಗುವಾಗಲೂ ಹಾಗೇ ಆಯಿತು. ಏನು ಕೊಳ್ಳಲು ಬಂದಿದ್ದೆನೆಂಬುದೇ ಮರೆತು ನಿಂತುಬಿಟ್ಟೆ. ಆ ಹಿತ್ತಿಲ ನೆನಪು ಲಾಕ್‌ಡೌನಿನ ಮೊದಲ ವಸಂತದ್ದು. ಆಗ ನಾನು ಹದಿಮೂರರ ಹುಡುಗಿ. ಅಮ್ಮನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಬೆಳಿಗ್ಗೆಯೇ ಹೊರಡುತ್ತಿದ್ದಳು. ಮನೆಯಲ್ಲಿ ಉಳಿಯುತ್ತಿದ್ದದ್ದು ನಾನು, ಅಪ್ಪ ಮತ್ತು ಅವನ ಮುಗಿಯದ ಮೀಟಿಂಗುಗಳು. ಪಕ್ಕದ ಮನೆಯ ವಿಲ್ಲಿ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡು ವೃದ್ಧರ ಆರೈಕೆ ಕೇಂದ್ರ ಸೇರಿದಾಗ, ಅವರ ಮಗ ಹುಲ್ಲು ತುಂಬಿದ ಸೇಬಿನ ಪೆಟ್ಟಿಗೆಯೊಂದನ್ನು ನಮ್ಮ ಬಾಗಿಲ ಮುಂದಿಟ್ಟು, ದೂರ ಸರಿದು ನಿಂತು, "ಇದನ್ನು ನಿಮಗೇ ಕೊಡಬೇಕಂತೆ" ಎಂದ. ಒಳಗೆ ಅಜ್ಜಿಯ ಆಮೆ ಪೀಟ್ ಇತ್ತು.

ನಮ್ಮ ನೆರಳು ಬಿದ್ದರೆ ಸಾಕು, ಪೀಟ್ ಬುಸ್ಸೆಂದು ಉಸಿರು ಬಿಟ್ಟು ಚಿಪ್ಪಿನೊಳಗೆ ಸೇರಿಕೊಳ್ಳುತ್ತಿತ್ತು. ಅಪ್ಪ ಒಮ್ಮೆ ತೆಂಗಿನಕಾಯಿ ಎತ್ತುವ ಹಾಗೆ ಮೇಲಿನಿಂದ ಎತ್ತಿದ. ಅದು ನಾಲ್ಕೂ ಕಾಲು ಗಾಳಿಯಲ್ಲಿ ಆಡಿಸಿ ಅವನ ಅಂಗಿಯ ಮೇಲೆಲ್ಲ ಉಚ್ಚೆ ಹೊಯ್ದಿತು. ವಿಲ್ಲಿ ಅಜ್ಜಿಗೆ ಫೋನ್ ಮಾಡಿದೆವು. "ಮೇಲಿನಿಂದ ಬರುವ ಕೈ ಅವನಿಗೆ ಹದ್ದಿನ ಹಾಗೆ ಕಾಣುತ್ತದೆ. ನೆಲದ ಮೇಲೆ ಕೂತುಕೊಳ್ಳಿ, ಅವನೇ ಬರಲಿ" ಎಂದರು. ಫೋನಿಡುವ ಮೊದಲು, "ಚೆನ್ನಾಗಿದ್ದಾನಾ?" ಎಂದು ಕೇಳಿದರು. ಆಗ ಅವರನ್ನು ನೋಡಲು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಹೋದವರು ಕಿಟಕಿಯ ಹೊರಗೆ ನಿಂತು ಕೈಬೀಸಿ ಬರಬೇಕಿತ್ತು.

ಫೋನಿಟ್ಟ ಅಪ್ಪ, "ಕಿಟಕಿ ಹೊರಗ ನಿಂತಾದ್ರೂ ಅಜ್ಜಿಗೆ ತೋರಿಸೋಣು" ಎಂದ. "ಆದ್ರ ಬರೇ ಚಿಪ್ಪು ತೋರಿಸಿ ಏನ್ ಮಾಡೂದು? ಮುಖ ಕಾಣಬೇಕಲ್ಲವಾ."

ಧಾರವಾಡದ ಅಪ್ಪನದು ಓಣಿಗೆಲ್ಲ ಕೇಳುವ ದನಿ. ಅಂಥವನು ದಿನವೂ ಮಧ್ಯಾಹ್ನ ಲ್ಯಾಪ್‌ಟಾಪ್ ಮುಚ್ಚಿ, ನನ್ನ ಜೊತೆ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಸುಮಾತಿನಲ್ಲಿ ಮಾತಾಡುವುದನ್ನು ಕಲಿತ. ಮೊದಮೊದಲು ನಾವು ಸುಮ್ಮನೆ ಕೂರುತ್ತಿದ್ದೆವು, ಅಷ್ಟೆ. ಆಮೇಲೆ ಕಾಲುವೆ ದಂಡೆಯಿಂದ ಕಿತ್ತು ತಂದ ಹಳದಿ ಹೂವಿನ ಕಾಡುಸೊಪ್ಪನ್ನು ನಮ್ಮ ಮೊಣಕಾಲ ಹತ್ತಿರ, ಮುಂದೆ ಬೆರಳ ತುದಿಯಲ್ಲಿ, ಕೊನೆಗೆ ನೆಲಕ್ಕೆ ಚಾಚಿದ ಅಂಗೈಯಲ್ಲಿಟ್ಟೆವು. ಅವಸರಪಟ್ಟು ನಾನು ಕೈ ಚಾಚಿದರೆ, "ಸುಮ್ನ ಕುಂದ್ರು, ಅದಕ್ಕ ನಮ್ಮ ವಾಸನೀ ರೂಢಿ ಆಗ್ಲಿ" ಎನ್ನುತ್ತಿದ್ದ. ಒಂದು ಮಧ್ಯಾಹ್ನ ಪೀಟ್ ತನ್ನ ತಣ್ಣನೆಯ, ಒರಟು ಮುಂಗಾಲನ್ನು ನನ್ನ ಅಂಗೈ ಮೇಲೆ ಇಟ್ಟು, ಅಲ್ಲಿಯೇ ನಿಂತು ಎಲೆ ಅಗಿಯಿತು. ನಾವಿಬ್ಬರೂ ಉಸಿರಾಡಲಿಲ್ಲ. ಆಮೇಲಿನ ವಾರಗಳಲ್ಲಿ, ಹೊಟ್ಟೆಗೂ ಕಾಲಿಗೂ ಎರಡು ಕೈ ಆಸರೆ ಕೊಟ್ಟು, ನೆಲದಿಂದ ಗೇಣೆತ್ತರಕ್ಕೆ, ತೊಡೆಯ ಮೇಲಕ್ಕೆ, ಎದೆಯ ಹತ್ತಿರಕ್ಕೆ ಎತ್ತುವುದನ್ನು ಕಲಿತೆವು.

ಕೊನೆಗೊಂದು ದಿನ ಪೀಟನ್ನು ಆರೈಕೆ ಕೇಂದ್ರಕ್ಕೆ ಒಯ್ದೆವು. ಕಿಟಕಿಯ ಆಚೆ ವಿಲ್ಲಿ ಅಜ್ಜಿ ಗಾಲಿಕುರ್ಚಿಯಲ್ಲಿ ಕೂತಿದ್ದರು, ತೀರಾ ಇಳಿದುಹೋಗಿದ್ದರು. ಅಪ್ಪ ಪೀಟನ್ನು ಗಾಜಿನ ಹತ್ತಿರ ಹಿಡಿದ. ಅದು ಮೆಲ್ಲಗೆ ತಲೆ ಹೊರಗೆ ಹಾಕಿ ಕತ್ತು ಚಾಚಿತು. ಅಜ್ಜಿ ಗಾಜಿಗೆ ಅಂಗೈ ಒತ್ತಿ ಏನೇನೋ ಹೇಳುತ್ತಲೇ ಹೋದರು. ನಮಗೆ ಒಂದೂ ಕೇಳಿಸಲಿಲ್ಲ. ಎತ್ತಿ ಹಿಡಿದೇ ಅಪ್ಪನ ತೋಳು ಸೋತಿತ್ತು. "ನಾನು ಹಿಡೀಲಾ?" ಎಂದೆ. ಬೇಡವೆಂದು ತಲೆಯಾಡಿಸಿದ. ಅಜ್ಜಿ ತಾವಾಗಿ ಗಾಜಿನಿಂದ ಕೈ ತೆಗೆಯುವವರೆಗೂ ಕೆಳಗಿಳಿಸಲಿಲ್ಲ.

ಅಜ್ಜಿ ಆ ವರ್ಷ ದಾಟಲಿಲ್ಲ. ಪೀಟ್ ನಮ್ಮದೇ ಆಯಿತು. ಪ್ರತಿ ಚಳಿಗಾಲಕ್ಕೆ ಅದನ್ನು ಮಣ್ಣಿನ ಡಬ್ಬಿಯಲ್ಲಿಟ್ಟು ಹಳೆಯ ಫ್ರಿಜ್ಜಿನೊಳಗೆ ಮಲಗಿಸುತ್ತಿದ್ದೆವು. ಇಲ್ಲಿ ಆಮೆ ಸಾಕುವವರ ಪದ್ಧತಿ ಅದು, ಒಂದೇ ಹದದ ತಂಪಿನಲ್ಲಿ ಆಮೆ ವಸಂತದವರೆಗೂ ನಿದ್ರಿಸುತ್ತದೆ. ಕೆಲವು ವರ್ಷಗಳ ಮೇಲೆ, ಹಾಗೆ ಅದು ಮಲಗಿದ್ದ ಜನವರಿಯೊಂದರಲ್ಲಿ, ಅಪ್ಪನ ಹೃದಯ ನಿಂತುಹೋಯಿತು. ಮನೆಯವರನ್ನು ಕಳೆದುಕೊಂಡವರಿಗೆ ಗೊತ್ತು, ಆಗ ಸುದ್ದಿ ತಿಳಿಯದವರ ಮುಖ ನೋಡುವುದು ಎಷ್ಟು ಕಷ್ಟವೆಂದು. ಏನೂ ತಿಳಿಯದ ಪೀಟ್ ಎಚ್ಚರಗೊಂಡಾಗ ವಸಂತ ಬಂದಿತ್ತು. ನಾನು ನೆಲದ ಮೇಲೆ ಕೂತು ಅಂಗೈ ಚಾಚಿದೆ. ಅದು ಬಹಳ ಹೊತ್ತು ಅತ್ತಿತ್ತ ಕತ್ತು ತಿರುಗಿಸಿತು. ಆಮೇಲೆ ನಿಧಾನವಾಗಿ ಅಂಗೈ ಹತ್ತಿ ಬಂತು.

ಅಲ್ಲಿಯವರೆಗೆ ಒಮ್ಮೆಯೂ ಪೀಟನ್ನು ಮುಟ್ಟದಿದ್ದ ಅಮ್ಮ, ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, ಬಂದು ನನ್ನ ಪಕ್ಕ ಕೂತಳು.

"ಹೆಂಗ ಹಿಡೀತಿದ್ರು ನಿಮ್ಮಪ್ಪ?" ಎಂದಳು. "ನನಗೂ ತೋರ್ಸು."