ಗಿಣ್ಣದ ಡಬ್ಬಿ

ಗೆಳೆಯರೇ, ಬೆಳಿಗ್ಗೆ ಬೈಲಹೊಂಗಲದಿಂದ ಕಿತ್ತೂರಿಗೆ ಹೊರಟ ಬಸ್ಸಿನಲ್ಲಿ ಕಾದಂಬರಿ ಓದುತ್ತಿದ್ದೆ. ಪಕ್ಕದ ಹೆಂಗಸಿನ ತೊಡೆಯ ಮೇಲೊಂದು ಸ್ಟೀಲಿನ ಡಬ್ಬಿ.

"ಯಾವ ಕತಿ ಓದಾಕತ್ತೀರಿ ಅಣ್ಣಾರ?"

ಉಗ್ರವಾದಿಗಳನ್ನು ನಂಬಿ ಮನೆ ಬಿಟ್ಟ ಹೆಣ್ಣುಮಕ್ಕಳನ್ನು ಸೇವಾಸಂಸ್ಥೆಯ ಒಬ್ಬಾಕೆ ಊರಿಗೆ ಮರಳಿಸುವ ಕತೆ ಎಂದೆ.

"ಆ ಹುಡುಗ್ಯಾರ ಕಡೆ ಮೊದಲನೇ ಸಲ ಹೋದಾಗ ಆಕಿ ಏನಂತಾಳ್ರಿ?"

"'ಸಹಾಯ ಮಾಡಾಕ ಬಂದೇನಿ' ಅಂತಾಳ."

"ಹಂಗಂದ್ರ ನನ್ನ ಮಗಳು ಬಾಗಲಾ ಹಾಕ್ಕೋತಾಳ. ಕಿತ್ತೂರಾಗ ಒಬ್ಬ ಬಾಬಾನ ಗುಂಪು ಸೇರ್ಯಾಳ್ರಿ. ಮನಿಯವರೆಲ್ಲ ವೈರಿಗಳು ಅಂತ ಕಲಿಸ್ಯಾರ. ನಾ ಬರೇ ಎಮ್ಮಿ ಈದೈತಿ ಅಂತೇನಿ, ಗಿಣ್ಣ ಕೊಡ್ತೇನಿ."

ಸಂಜೆ ಮರಳುವ ಬಸ್ಸಿನಲ್ಲಿ ಅವರೇ ಸಿಕ್ಕರು, ಒಬ್ಬರೇ.

"ಬರಲಿಲ್ಲೇನ್ರಿ ಮಗಳು?"

"ಇಲ್ರಿ, ಮಾತೂ ಆಡಲಿಲ್ಲ. ಆದ್ರ ಡಬ್ಬಿ ತೊಳದು ಕೊಟ್ಟಳು, ನೋಡ್ರಿ."

ಮುಚ್ಚಳ ತೆಗೆದರು. ತಳದಲ್ಲಿ ಒಂದು ಹಿಡಿ ಸಕ್ಕರೆ.

"ಖಾಲಿ ಡಬ್ಬಿ ತಿರುಗಿ ಕೊಡಬಾರದು ಅಂತ ನಾನ ಕಲಿಸಿದ್ದೆ. ಅದನ್ನ ಮರ್ತಿಲ್ಲ. ಬರ್ತಾಳ್ರಿ."

ನಾವು ಸಕ್ಕರೆ ಹಾಕಿ ಕೊಡುವುದು ನೆರೆಯವರ ಡಬ್ಬಿಯನ್ನು. ಮನೆಯವರದನ್ನು ಖಾಲಿಯೇ ಕೊಡುತ್ತೇವೆ. ಅದನ್ನು ಹೇಳದೆ ಮತ್ತೆ ಕಾದಂಬರಿ ತೆರೆದೆ. ಅದರಲ್ಲಿ ಕೊನೆಗೆ ಎಲ್ಲರೂ ಮನೆ ಸೇರುತ್ತಾರೆಂದು ಬೆನ್ನುಡಿಯಲ್ಲಿದೆ.