ಕುದುರೆಗಾಗಿ ಕೊಟ್ಟ ಆನೆ

ಡೆವೆಂಟರ್ ಪಟ್ಟಣದ ಚದುರಂಗ ವಲಯದಲ್ಲಿ ಶ್ರೀಮತಿ ಅಲೈಡಾ ಟೆರ್ ಹೋರ್ಸ್ಟ್ ಅವರ ಹೆಸರು ಅರಿಯದವರಿಲ್ಲ; ಅವರೊಡನೆ ಒಮ್ಮೆಯಾದರೂ ವಾದಕ್ಕಿಳಿದು ಸೋಲದವರೂ ಇಲ್ಲ. ಹಗಲು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ, ಸಂಜೆಗಳನ್ನು ಐಸೆಲ್ ನದಿಯ ದಡದ ನಮ್ಮ ಕ್ಲಬ್ಬಿಗೆ ಧಾರೆಯೆರೆದು, ವಸಂತ ಪಂದ್ಯಾವಳಿಯ ತೀರ್ಪುಗಾರರ ಮಂಡಳಿಯನ್ನು ದೀರ್ಘಕಾಲ ಮುನ್ನಡೆಸಿ, ಈ ವರ್ಷ ಅಧ್ಯಕ್ಷ ಸ್ಥಾನದಿಂದ ನಿವೃತ್ತರಾಗುತ್ತಿರುವ ಅವರನ್ನು ಗೌರವಿಸುವ ಈ ಗ್ರಂಥದಲ್ಲಿ ನನಗೂ ಒಂದಿಷ್ಟು ಜಾಗ ದೊರೆತಿರುವುದು ನನ್ನ ಭಾಗ್ಯ. ಉಳಿದವರು ಅವರ ಸೌಜನ್ಯವನ್ನು ಹೊಗಳಿ ಬರೆದಿರಬಹುದು. ನಾನು ಅವರ ಹಟವನ್ನು ಹೊಗಳಲು ಬಂದಿದ್ದೇನೆ.

ಗಣಿತದಲ್ಲಿ ನಾನು ಅವರ ಮಂದ ವಿದ್ಯಾರ್ಥಿ, ಚದುರಂಗದಲ್ಲಿ ಅಷ್ಟೇನೂ ಮಂದನಲ್ಲದ ಶಿಷ್ಯ. ಒಂದರ ಮೇಲೊಂದು ಆಟ ಸೋತು, ಇನ್ನು ಹಲಗೆ ಮುಟ್ಟುವುದಿಲ್ಲವೆಂದು ಕ್ಲಬ್ಬಿನಿಂದ ಹೊರಟ ದಿನ ಅವರು ನನ್ನ ಪಕ್ಕದಲ್ಲೇ ಎದುರುಗಾಳಿಗೆ ಸೈಕಲ್ ತುಳಿಯುತ್ತಾ ಮನೆಯವರೆಗೆ ಬಂದರು. ಬಾಗಿಲಲ್ಲಿ ನಿಂತು, "ಲುಬ್ಬೆರ್ಟ್, ಇವತ್ತಿನ ಆಟದಲ್ಲಿ ನಿಂಗೆ ಹೆದರಿಕೆ ಆಗಿದ್ದು ಎಲ್ಲಿ?" ಎಂದಷ್ಟೇ ಕೇಳಿದರು. ಎಲ್ಲಿ ತಪ್ಪಿದೆ ಎಂದು ಕೇಳುವವರು ಊರು ತುಂಬ ಇದ್ದರು; ಹೆದರಿಕೆಯನ್ನು ವಿಚಾರಿಸಿದವರು ಇವರೊಬ್ಬರೇ. ಮರುವಾರ ನಾನು ಕ್ಲಬ್ಬಿಗೆ ಹೋದೆ.

ಮುಂದೆ ಕ್ಲಬ್ಬಿಗೆ ಕಂಪ್ಯೂಟರ್ ಬಂತು, ಅದರೊಳಗೆ ಪ್ರತಿ ನಡೆಯನ್ನೂ ಅಳೆದು ಅಂಕಿ ಕೊಡುವ ಚೆಸ್ ಎಂಜಿನ್ ಬಂತು. ಆಟ ಮುಗಿದೊಡನೆ ಇಬ್ಬರು ಆಟಗಾರರೂ ಪರಸ್ಪರ ಮುಖ ನೋಡುವುದನ್ನು ಬಿಟ್ಟು ಪರದೆಯ ಮುಂದೆ ಕೈಕಟ್ಟಿ ನಿಲ್ಲತೊಡಗಿದರು. ಮೇಡಂ ಯಂತ್ರವನ್ನು ಹೊರಗೆಸೆಯಲಿಲ್ಲ. ಚಹಾದ ಕೆಟಲ್ ಬೆಚ್ಚಗಿರಲೆಂದು ಹಾಕುವ ಉಣ್ಣೆಯ ದೊಡ್ಡ ಟೋಪಿಯನ್ನು ತಂದು ಪರದೆಗೆ ತೊಡಿಸಿದರು. ಸೋತವನು ಮೊದಲು, ಗೆದ್ದವನು ಆಮೇಲೆ, ಇಬ್ಬರೂ ತಮ್ಮ ಹೆದರಿಕೆ ಹೇಳಿಕೊಂಡ ಮೇಲೆಯೇ ಟೋಪಿ ತೆಗೆಯಬೇಕೆಂಬುದು ಅಂದಿನಿಂದ ನಮ್ಮ ಕ್ಲಬ್ಬಿನ ಕಟ್ಟಳೆ.

ನಮ್ಮ ಪಂದ್ಯಾವಳಿಯಲ್ಲಿ ಅತಿ ಸೊಗಸಾದ ಆಟಕ್ಕೆ ಚೆಲುವಿನ ಬಹುಮಾನ ಕೊಡುತ್ತೇವೆ. ಬಹುಮಾನವೆಂದರೆ ಮೊಳದುದ್ದದ ಜೇನಿನ ಕೇಕು. ಗೆದ್ದವನು ಅದನ್ನು ಕೊಯ್ದು ಮೊದಲ ಹೋಳನ್ನು ತಾನು ಸೋಲಿಸಿದವನಿಗೇ ಕೊಡಬೇಕು. ಎದುರಾಳಿಯಿಲ್ಲದೆ ಚೆಲುವಾದ ಆಟ ಹುಟ್ಟುವುದಿಲ್ಲವಷ್ಟೆ. ನಮ್ಮ ನಾಡಿನಲ್ಲಿ ಯಾರಾದರೂ ಒರಟಾಗಿ ನಡೆದುಕೊಂಡರೆ "ಇದಕ್ಕೇನು ಚೆಲುವಿನ ಬಹುಮಾನ ಸಿಗಲ್ಲ ಬಿಡಪ್ಪ" ಎನ್ನುವ ಮಾತೇ ರೂಢಿಯಲ್ಲಿದೆ.

ಯಂತ್ರ ಬಂದ ಮೇಲೆ ಒಂದು ವರ್ಷ ಈ ಬಹುಮಾನದ ಸ್ಪರ್ಧೆಯಲ್ಲಿದ್ದದ್ದು ನಾನು ನಮ್ಮ ಕ್ಲಬ್ಬಿನ ರೂಲೊಫನೊಡನೆ ಆಡಿದ ಆಟ. ಅದರ ನಡುವೆ ನಾನು ಆನೆಯನ್ನು ಕೊಟ್ಟು ಬರೀ ಕುದುರೆಯನ್ನು ತೆಗೆದುಕೊಂಡಿದ್ದೆ. ರಾಜನಿಗೆ ಚೆಕ್ ಇಲ್ಲ, ಕೊಟ್ಟದ್ದು ಮರಳಿ ಬರುವ ದಾರಿ ಇಲ್ಲ. ಸಿಕ್ಕಿದ್ದು ಇಷ್ಟೆ: ಅವನ ಕಾಲಾಳುಗಳ ಸಾಲು ಮುರಿಯಿತು, ಹಲಗೆಯ ನಟ್ಟನಡುವೆ ನನ್ನ ಕುದುರೆಗೆ ಯಾರೂ ಎಬ್ಬಿಸಲಾಗದ ಒಂದು ಮನೆ ದೊರೆಯಿತು. ಆಟ ಬಹಳ ಹೊತ್ತು ನಡೆದು ನಾನು ಗೆದ್ದೆ. ಆದರೆ ಮಂಡಳಿಯ ಸದಸ್ಯ ಡೆರ್ಕ್ ವೆಸೆಲಿಂಕ್ ಅವರು ಪರದೆಯ ಟೋಪಿ ತೆಗೆದು ನೋಡಿದಾಗ, ಯಂತ್ರ ನನ್ನ ತ್ಯಾಗವನ್ನು ಒಂದೂವರೆ ಕಾಲಾಳಿನಷ್ಟು ನಷ್ಟವೆಂದು ಅಳೆದಿತ್ತು. ಆಗಿನ ಯಂತ್ರಗಳು ಓಡಾಡಲು ಜಾಗವಿಲ್ಲದೆ ಮೂಲೆಯಲ್ಲಿ ಉಸಿರುಗಟ್ಟಿ ಕುಳಿತ ಆನೆಗೂ ಬಹುಮಟ್ಟಿಗೆ ಪೂರ್ತಿ ಬೆಲೆಯನ್ನೇ ಕಟ್ಟುತ್ತಿದ್ದವು.

"ತಪ್ಪು ನಡೆಗೆ ಬಹುಮಾನ ಕೊಟ್ರೆ ಊರೇ ನಗುತ್ತೆ ಅಲೈಡಾ ಅವ್ರೇ" ಎಂದರು ಡೆರ್ಕ್.

"ನಗ್ಲಿ ಬಿಡಿ, ಈ ಊರಲ್ಲಿ ನಗೋರೇ ಕಮ್ಮಿ" ಎಂದ ಮೇಡಂ, ರೂಲೊಫನ ಕಡೆ ತಿರುಗಿದರು. "ನೀನು ಸೋತೆ ಅಂತ ನಿಂಗೆ ಅನ್ನಿಸಿದ್ದು ಯಾವಾಗಪ್ಪ?"

"ನಾನು ಆ ಆನೆ ಹೊಡೆದ ತಕ್ಷಣಾನೇ ಮೇಡಂ. ಕಾಯಿ ಏನೋ ಜಾಸ್ತಿ ಇತ್ತು. ಇಡೋಕೆ ಜಾಗ ಇರ್ಲಿಲ್ಲ."

"ನಿನ್ ಜಾಗದಲ್ಲಿ ಯಂತ್ರ ಇದ್ದಿದ್ರೆ ತಡ್ಕೊಳ್ತಿತ್ತು" ಎಂದರು ಡೆರ್ಕ್.

"ಅದು ಕೂತಿರ್ಲಿಲ್ವಲ್ಲ ಸಾರ್, ನಾನು ಕೂತಿದ್ದೆ."

"ಕೇಳಿಸ್ತಾ ಡೆರ್ಕ್? ಸರಿಯಾದ ಆಟಕ್ಕೇ ಕೊಡಬೇಕು ಅಂದ್ರೆ ಸರಿಯ ಬಹುಮಾನ ಅಂತ ಹೆಸರಿಡಿ. ಚೆಲುವಿನದು ಅಂತ ಯಾಕೆ ಕರೀತೀರಾ?"

ಮೂರನೆಯ ಸದಸ್ಯರು ಡೆರ್ಕ್ ಅವರ ಪರ ವಾಲಿದ್ದರಿಂದ ಬಹುಮಾನ ರದ್ದಾಯಿತು. ಆ ತೀರ್ಮಾನಕ್ಕೆ ಸಹಿ ಹಾಕಲು ಮೇಡಂ ಒಪ್ಪಲಿಲ್ಲ. ಎಲ್ಲರೆದುರಿಗೆ ಚಾಕು ತೆಗೆದು ತಾವೇ ಕೇಕು ಕೊಯ್ದು, ಮೊದಲ ಹೋಳಿಗೆ ದಪ್ಪಗೆ ಬೆಣ್ಣೆ ಹಚ್ಚಿ ರೂಲೊಫನಿಗೆ ಕೊಟ್ಟರು. ಮುಂದಿನ ಸಭೆಯಲ್ಲಿ, ಅವರ ವರ್ತನೆಗೆ ಚೆಲುವಿನ ಬಹುಮಾನ ಸಲ್ಲದೆಂದು ಯಾರೋ ಹೇಳಿ ನಗಿಸಿದರು; ಕ್ಲಬ್ಬಿನ ಸದಸ್ಯರು ನಗುನಗುತ್ತಲೇ ಅವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿದರು. ನನ್ನದೊಂದು ಆಟಕ್ಕಾಗಿ ಅವರು ತಮ್ಮ ಬದುಕಿನ ಪ್ರೀತಿಯ ಕೆಲಸವನ್ನು ಕಳೆದುಕೊಂಡರು. ಇಂದಿಗೂ ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಅಭಿನಂದನ ಗ್ರಂಥವೆಂದು ಆ ಸಿಟ್ಟನ್ನು ಮುಚ್ಚಿಡಲಾರೆ.

ವರ್ಷಗಳುರುಳಿ ಹೊಸ ತಲೆಮಾರಿನ ಎಂಜಿನ್‌ಗಳು ಬಂದವು. ಡೆರ್ಕ್ ಅವರೇ ಒಂದು ದಿನ ನಮ್ಮ ಹಳೆಯ ಆಟವನ್ನು ಹೊಸ ಯಂತ್ರಕ್ಕೆ ಉಣಿಸಿದರು. ಅದು ನನ್ನ ತ್ಯಾಗವನ್ನು ಮೆಚ್ಚಿತು. ಗೆಲುವು ನನ್ನ ಕಡೆಗೇ ಎಂದಿತು. ಡೆರ್ಕ್ ಅವರು ಹೂಗುಚ್ಛ ಹಿಡಿದು ಮೇಡಂ ಮನೆಗೆ ಹೋದರು. ಅಂದು ಅಲ್ಲಿ ಕಾಫಿ ಕುಡಿಯುತ್ತಾ ಕುಳಿತಿದ್ದ ನನಗೆ ಒಳಗೊಳಗೇ ಹಿಗ್ಗು.

"ನೀವು ಹೇಳಿದ್ದೇ ಸರಿ ಅಂತ ಸಾಬೀತಾಯ್ತು. ವಾಪಸ್ ಬನ್ನಿ" ಎಂದರು ಡೆರ್ಕ್.

"ಯಾರು ಸಾಬೀತು ಮಾಡಿದ್ದು? ಆ ಯಂತ್ರಾನೇ ತಾನೆ?" ಎಂದರು ಮೇಡಂ. "ಇವತ್ತು ಅದು ಹೌದು ಅಂದಿದ್ದನ್ನ ತಗೊಂಡ್ರೆ, ಅವತ್ತು ಅಲ್ಲ ಅಂದಿದ್ದನ್ನೂ ತಗೋಬೇಕಾಗುತ್ತೆ ಡೆರ್ಕ್. ನಂಗೆ ಎರಡೂ ಬೇಡ. ಇವನು ಆಡಿದ್ದನ್ನ ನಾನು ನೋಡಿದ್ದೆ, ರೂಲೊಫ್ ಹೇಳಿದ್ದನ್ನ ಕೇಳಿದ್ದೆ. ನಂಗೆ ಅಷ್ಟು ಸಾಕಿತ್ತು, ನಿಮಗೆ ಸಾಕಾಗ್ಲಿಲ್ಲ. ಕ್ಷಮೆ ಕೇಳೋದಿದ್ರೆ ಅದಕ್ಕೆ ಕೇಳಿ."

ಡೆರ್ಕ್ ಅವರು ಅದಕ್ಕೇ ಕ್ಷಮೆ ಕೇಳಿದರು. ಆ ಮೇಲೆಯೇ ಮೇಡಂ ಹೂಗಳನ್ನು ನೀರಿಗಿಟ್ಟದ್ದು. ಸೋತವನ ಮಾತು ಕೇಳದೆ ತೀರ್ಪಿಲ್ಲ, ತೀರ್ಪಿಗೆ ಮುನ್ನ ಟೋಪಿ ತೆಗೆಯುವಂತಿಲ್ಲ ಎಂಬ ಷರತ್ತಿನ ಮೇಲೆ ಅಧ್ಯಕ್ಷ ಸ್ಥಾನಕ್ಕೆ ಮರಳಿದರು.

ಈ ಗ್ರಂಥದ ಸಂಪಾದಕರೂ ಅದೇ ಡೆರ್ಕ್ ವೆಸೆಲಿಂಕ್. ನನ್ನ ಲೇಖನದೊಡನೆ ಆ ಆಟದ ಚಿತ್ರ ಅಚ್ಚಾಗಲಿ, ಓದುಗರಿಗೆ ನಂಬಿಕೆ ಬರುವಂತೆ ಕೆಳಗೆ ಹೊಸ ಯಂತ್ರ ಕೊಟ್ಟ ಅಂಕಿಯೂ ಇರಲಿ ಎಂದು ಅವರು ಒಳ್ಳೆಯ ಮನಸ್ಸಿನಿಂದಲೇ ಸೂಚಿಸಿದ್ದಾರೆ. ಯಂತ್ರದ ಮೇಲೆ ನನಗೆ ಹಗೆಯಿಲ್ಲ. ಮನೆಯಲ್ಲಿ ನಾನೂ ಬಳಸುತ್ತೇನೆ. ಆದರೂ ಆ ಅಂಕಿಯನ್ನು ಕೊಡಲಾರೆ. ಸಂಪಾದಕರೊಡನೆ ಹೀಗೆ ಜಗಳ ತೆಗೆಯುವುದಕ್ಕೆ ಚೆಲುವಿನ ಬಹುಮಾನ ಸಿಗುವುದಿಲ್ಲವೆಂದು ಬಲ್ಲೆ. ಅದನ್ನು ಕಲಿತದ್ದು ಯಾರಿಂದ ಎಂಬುದು ಅವರಿಗೂ ಗೊತ್ತು.

ಮೇಡಂ, ನೀವು ನೂರ್ಕಾಲ ಬಾಳಬೇಕು, ನಿಮ್ಮ ಹಟಕ್ಕೆ ವಯಸ್ಸಾಗಬಾರದು. ಪದವಿಗೆ ನಿವೃತ್ತಿ ಇರಬಹುದು, ನಿಮ್ಮ ಪ್ರಶ್ನೆಗಿಲ್ಲ. ಈ ವಾರ ನಾನು ಕೆಟ್ಟದಾಗಿ ಸೋತಿದ್ದೇನೆ. ಆಟ ಬರೆದಿಟ್ಟ ಹಾಳೆ ತೆಗೆದುಕೊಂಡು ಕ್ಲಬ್ಬಿಗೆ ಬರುತ್ತೇನೆ. ಟೋಪಿ ಹಾಕಿಟ್ಟಿರಿ, ಎಲ್ಲಿ ಹೆದರಿದೆನೆಂದು ಮೊದಲು ನಿಮಗೆ ಹೇಳಬೇಕು.