ಗಂಗೂ ತಡೆಹಿಡಿದ ಅರವತ್ತೆರಡು

ಬೆಳಗಿನ ಮೊದಲ ಬಿಸಿಲು. ಕಾರವಾರದ ಸಣ್ಣ ಪ್ರಯೋಗಾಲಯವೊಂದರಲ್ಲಿ ಗಂಗೂ ನಾಯ್ಕ ಗಿರ್ರೆಂದು ತಿರುಗಿ ನಿಂತ ಯಂತ್ರದಿಂದ ರಕ್ತದ ನಳಿಕೆಯೊಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಕೆಂಪು ತಳಕ್ಕಿಳಿದಿದೆ. ಮೇಲೆ ತಿಳಿಹಳದಿ ನೀರು ನಿಲ್ಲಬೇಕಾದಲ್ಲಿ ಹಾಲು ಕದಡಿದಂತಿದೆ.

ರಕ್ತ ಪಕ್ಕದೂರು ಮಾಜಾಳಿಯ ದೇವಿದಾಸರದು. ಗೋವಾದ ಮೀನುದೋಣಿಯಲ್ಲಿ ಇಂಜಿನ್ ನೋಡಿಕೊಳ್ಳುವವರು. ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಬಿದ್ದಿದೆ. ಇವತ್ತು ದೋಣಿ ಹತ್ತಿದರೆ ವಾರಗಟ್ಟಲೆ ದಡ ಕಾಣುವುದಿಲ್ಲ. ಕೆಟ್ಟ ಕೊಲೆಸ್ಟರಾಲ್ ಇಳಿದಿದ್ದರೆ ಅದರ ಮಾತ್ರೆ ನಿಲ್ಲಿಸಿಬಿಡುವುದೆಂದು ತಾವೇ ತೀರ್ಮಾನಿಸಿಬಿಟ್ಟಿದ್ದಾರೆ. ಕಂಪ್ಯೂಟರ್ ತೋರಿಸುತ್ತಿರುವುದು ಅರವತ್ತೆರಡು, ಯಾರಿಗಾದರೂ ಆಸೆಯಾಗುವ ಸಂಖ್ಯೆ.

"ರಾತ್ರೆಯಿಂದ ಎಂತ ತಿಂದಿರಿ? ಖರೆ ಹೇಳಿ," ಎನ್ನುತ್ತಾರೆ ಗಂಗೂ.

"ಎಂತ ಇಲ್ಲ ಅಕ್ಕೋರೆ, ಏಕಾದಶಿ ಅಲ್ವಾ! ನಡುರಾತ್ರೆ ಹಸಿವಾಯ್ತು ಅಂತ ಸಾಬುದಾಣಿ ಖಿಚಡಿ, ತುಪ್ಪ ಹಾಕ್ಕಂಡು. ಅದ್ರಿಂದ ಉಪಾಸ ಮುರೀತದ್ಯಾ?"

ದೇವರ ಮಟ್ಟಿಗೆ ಮುರಿಯುವುದಿಲ್ಲ, ರಕ್ತ ಅಷ್ಟು ಉದಾರಿಯಲ್ಲ. ಇಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಸಾಮಾನ್ಯವಾಗಿ ನೇರ ಅಳೆಯುವುದಿಲ್ಲ. ಒಟ್ಟು ಕೊಲೆಸ್ಟರಾಲಿನಿಂದ ಒಳ್ಳೆಯದನ್ನೂ, ತಿಂದ ಬೆನ್ನಿಗೇ ಏರುವ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಐದನೇ ಒಂದು ಪಾಲನ್ನೂ ಕಳೆದು ಉಳಿದದ್ದನ್ನು ಬರೆಯುತ್ತಾರೆ. ಆ ಕೊಬ್ಬು ನಾನೂರು ದಾಟಿದರೆ ಲೆಕ್ಕ ದಾರಿ ತಪ್ಪುತ್ತದೆ. ದೇವಿದಾಸರದು ಆರುನೂರು ಮೀರಿದೆ. ಹಳೆಯ ಕಂಪ್ಯೂಟರ್ ಮಾತ್ರ ಕಣ್ಣು ಮುಚ್ಚಿ ಕಳೆದಿದೆ.

ಅಂಕೋಲಾದಿಂದ ಮೊದಲ ಬಸ್ಸಿಗೆ ಬರುವ ಗಂಗೂಗೆ ಇದು ಹದಿನೆಂಟನೇ ವರ್ಷ. ದಿನಕ್ಕೆ ನಲವತ್ತು, ಐವತ್ತು ನಳಿಕೆ. ಊರಿಗೆ ಅವರು ಬರೀ 'ಸೂಜಿ ಚುಚ್ಚುವ ಅಕ್ಕೋರು'.

ನೇರವಾಗಿ ಅಳೆಯುವ ದ್ರಾವಣ ಫ್ರಿಜ್ಜಿನಲ್ಲಿ ಒಂದೇ ಬಾಟಲಿಯಿದೆ. ಮೊದಲು ಉತ್ತರ ಗೊತ್ತಿರುವ ಮಾದರಿಯನ್ನು ಅಳೆಯುವ ಯಂತ್ರದಲ್ಲಿ ಓಡಿಸಿ ನೋಡಬೇಕು. ಓಡಿಸುತ್ತಾರೆ, ಉತ್ತರ ತಾಳೆಯಾಗುವುದಿಲ್ಲ. ಹೊರಗೆ ದೇವಿದಾಸ ಬಾಗಿಲು ಬಡಿಯುತ್ತಾರೆ. "ಬಂದ ರಿಪೋರ್ಟು ಅಡಗಿಸಿ ಇಟ್ಕಂಡ್ರೆ ಹ್ಯಾಂಗೆ? ಗೋವಾ ಬಸ್ಸು ತಪ್ತದೆ!"

"ತಪ್ಪಿದ್ರೆ ಇನ್ನೊಂದು ಬಸ್ಸದೆ. ಕೂತ್ಕಳ್ಳಿ."

ಗಂಗೂ ಒಳಗಿಂದಲೇ ಹೇಳುತ್ತಾರೆ. ಯಂತ್ರವನ್ನು ಸರಿಹೊಂದಿಸಿ ಮತ್ತೆ ಓಡಿಸುತ್ತಾರೆ. ಈ ಸಲ ತಾಳೆ. ಆಮೇಲೆ ದೇವಿದಾಸರ ರಕ್ತ. ಉತ್ತರ: ನೂರಾ ನಲವತ್ತೆಂಟು. ಸ್ಟೆಂಟ್ ಹಾಕಿಸಿಕೊಂಡವರಿಗೆ ಇದು ಎಪ್ಪತ್ತರೊಳಗಿರಬೇಕು.

ಸಂಖ್ಯೆ ಕೇಳಿದ ದೇವಿದಾಸ ಬೆಂಚಿನ ಮೇಲೆ ಕೂರುತ್ತಾರೆ. "ಮಾತ್ರೆ ಮನೇಲೇ ಬಿಟ್ಟು ಬಂದೆ ಅಕ್ಕೋರೆ. ಇನ್ನು ಬೇಡ ಅಂತ."

"ಬಸ್ಸು ಮಾಜಾಳಿ ಮೇಲೇ ಹೋಗ್ತದಲಾ? ಹೆಂಡ್ತಿಗೆ ಫೋನ್ ಮಾಡಿ, ರಸ್ತೆಗೆ ತಂದು ಕೊಡೂಕೆ ಹೇಳಿ. ಡಾಕ್ಟ್ರ ಹತ್ರ ನಾ ಈಗ್ಲೇ ಮಾತಾಡ್ತೆ."

ರಿಪೋರ್ಟಿನ ಕೆಳಗೆ ಡಾಕ್ಟರರ ಸಹಿಯಿದೆ, ಗಂಗೂ ಹೆಸರೆಲ್ಲೂ ಇಲ್ಲ. ಬೇಸರವಿಲ್ಲವೇ ಎಂದರೆ ನಗುತ್ತಾರೆ.

"ಅಡ್ಡಿಲ್ಲ ಬಿಡಿ. ನಂಗೆ ಆಶೆ ಒಂದೇ. ಅಂವ ಸಮುದ್ರದಿಂದ ತಿರುಗಿ ಬರ್ಬೇಕು. ಮತ್ತೆ ರಕ್ತ ಕೊಡೂಕೆ ಖಾಲಿ ಹೊಟ್ಟೇಲಿ ಬರ್ಬೇಕು."